ತಾರಸಿಯ ಮೇಲೆ ನಿಂತ ನೀರು: ಸಣ್ಣ ಉದ್ಯಮಿ ಹಾಕಬೇಕಾದ ಲೆಕ್ಕ

ಯಂತ್ರ ಕೆಟ್ಟರೆ ಅದೇ ದಿನ ಮೆಕ್ಯಾನಿಕ್ ಬರುತ್ತಾನೆ. ವಿದ್ಯುತ್ ಹೋದರೆ ಅದೇ ಗಳಿಗೆಯಲ್ಲಿ ದೂರವಾಣಿ ಕರೆ ಹೋಗುತ್ತದೆ. ಆದರೆ ಕಾರ್ಖಾನೆಯ ತಾರಸಿಯ ಮೇಲೆ ನೀರು ನಿಂತರೆ, ಅದು ಕೆಳಗಿನ ಮಾಲಿನ ಮೇಲೆ ತೊಟ್ಟಿಕ್ಕುವ ತನಕ ಯಾರೂ ಮೇಲೆ ಹತ್ತಿ ನೋಡುವುದಿಲ್ಲ. ತಾರಸಿಯಲ್ಲಿ ನಿಂತ ನೀರು ಲೆಕ್ಕಪುಸ್ತಕದಲ್ಲಿ ಕಾಣದ ಸಾಲವಿದ್ದಂತೆ. ಅದಕ್ಕೆ ಬಡ್ಡಿ ಬೆಳೆಯುತ್ತಲೇ ಇರುತ್ತದೆ. ತೀರಿಸುವ ದಿನ ಬಂದಾಗ ಮೊತ್ತ ಮಾತ್ರ ದೊಡ್ಡದಾಗಿರುತ್ತದೆ.

ಬೆಂಗಳೂರು ಗ್ರಾಮಾಂತರ ಭಾಗದ ಉದ್ಯಮಗಳಿಗೆ ಈ ವಿಷಯ ವಿಶೇಷವಾಗಿ ಅನ್ವಯಿಸುತ್ತದೆ. ದೊಡ್ಡಬಳ್ಳಾಪುರದ ವಿದ್ಯುತ್ ಮಗ್ಗಗಳು ಬಹುಪಾಲು ಮನೆಗೆ ಹೊಂದಿಕೊಂಡ ಆರ್.ಸಿ.ಸಿ. ಕಟ್ಟಡಗಳಲ್ಲಿ ನಡೆಯುತ್ತವೆ. ಬಾಶೆಟ್ಟಿಹಳ್ಳಿ, ದಾಬಸ್‌ಪೇಟೆ, ಹೊಸಕೋಟೆಗಳ ಕೈಗಾರಿಕಾ ಪ್ರದೇಶಗಳಲ್ಲಿ ತಗಡಿನ ಶೆಡ್ಡುಗಳ ಜೊತೆಗೆ ಕಚೇರಿ, ಗೋದಾಮು, ಪ್ಯಾಕಿಂಗ್ ಕೊಠಡಿಗಳಿಗೆ ಸಮತಟ್ಟಾದ ತಾರಸಿಯೇ ಇರುತ್ತದೆ. ದೇವನಹಳ್ಳಿಯಲ್ಲಿ 2008ರಲ್ಲಿ ವಿಮಾನ ನಿಲ್ದಾಣ ಆರಂಭವಾದ ಮೇಲೆ ಅವಸರದಲ್ಲಿ ಎದ್ದ ಕಟ್ಟಡಗಳೂ ಕಡಿಮೆಯಲ್ಲ. ಈ ಭಾಗದಲ್ಲಿ ಮೇ ತಿಂಗಳಲ್ಲಿ ಗುಡುಗು ಸಹಿತ ಮಳೆಯಾಗುತ್ತದೆ. ಸೆಪ್ಟೆಂಬರ್ ಮತ್ತು ಅಕ್ಟೋಬರ್ ತಿಂಗಳುಗಳಲ್ಲಿ ಮಳೆಯ ಪ್ರಮಾಣ ಮತ್ತೆ ಏರುತ್ತದೆ. ಅದೇ ಅವಧಿ ದಸರಾ, ದೀಪಾವಳಿ ಮತ್ತು ಮದುವೆಯ ಬೇಡಿಕೆಗಾಗಿ ಗೋದಾಮು ತುಂಬಿರುವ ಕಾಲವೂ ಹೌದು. ದಾಸ್ತಾನು ಅತಿ ಹೆಚ್ಚಿರುವಾಗಲೇ ತಾರಸಿಯ ಪರೀಕ್ಷೆಯೂ ನಡೆಯುತ್ತದೆ.

ನೀರು ನಿಲ್ಲಲು ಕಾರಣಗಳು

ಸಮತಟ್ಟಾದ ತಾರಸಿ ಎಂಬುದು ಹೆಸರಿಗೆ ಮಾತ್ರ ಸಮತಟ್ಟು. ಕನಿಷ್ಠ 100ಕ್ಕೆ 1ರಷ್ಟು ಇಳಿಜಾರು ಅದಕ್ಕೆ ಇರಲೇಬೇಕು. ಮೇಸ್ತ್ರಿಗಳ ಮಾತಿನಲ್ಲಿ ಇದಕ್ಕೆ ‘ವಾಟ’ ಎನ್ನುತ್ತಾರೆ. ನೀರು 10 ಮೀಟರ್ ದೂರ ಹರಿಯಬೇಕಾದರೆ ಆರಂಭದ ತುದಿ, ನೀರು ಹೊರಹೋಗುವ ಕಿಂಡಿಗಿಂತ 10 ಸೆಂ.ಮೀ. ಎತ್ತರದಲ್ಲಿರಬೇಕು ಎಂಬುದು ಇದರ ಅರ್ಥ. ಮಳೆ ನಿಂತು 48 ಗಂಟೆ ಕಳೆದರೂ ತಾರಸಿಯಲ್ಲಿ ನೀರು ಉಳಿದಿದ್ದರೆ ಅದನ್ನು ದೋಷವೆಂದು ಪರಿಗಣಿಸಬೇಕೆಂಬುದು ಅಮೆರಿಕದ ಚಾವಣಿ ಗುತ್ತಿಗೆದಾರರ ವಲಯದಲ್ಲಿಯೂ ಬಳಕೆಯಲ್ಲಿರುವ ಅಳತೆ.

ವಾಟ ತಪ್ಪುವುದಕ್ಕೆ ಮುಖ್ಯವಾಗಿ ನಾಲ್ಕು ಕಾರಣಗಳಿವೆ. ಮೊದಲನೆಯದು, ಕಟ್ಟುವಾಗಲೇ ಇಳಿಜಾರು ಕೊಡದಿರುವುದು. ಮುಂದೆ ಮೇಲೆ ಇನ್ನೊಂದು ಅಂತಸ್ತು ಕಟ್ಟುವ ಯೋಚನೆಯಿದ್ದಾಗ ಈ ಲೋಪ ಸಾಮಾನ್ಯ. ಎರಡನೆಯದು, ಕಾಲಕ್ರಮದಲ್ಲಿ ಕಾಂಕ್ರೀಟ್ ಚಾವಣಿಯ ನಡುಭಾಗ ಸ್ವಲ್ಪ ಬಾಗಿ ತಗ್ಗಾಗುವುದು. ಮೂರನೆಯದು, ಕಿಂಡಿಯ ದೋಷ. ಸೋರಿದಾಗಲೆಲ್ಲ ಗಾರೆಯ ಮೇಲೆ ಗಾರೆ ಹಾಕುತ್ತ ಹೋದರೆ ತಾರಸಿಯ ಮಟ್ಟದೊಂದಿಗೆ ಕಿಂಡಿಯ ಬಾಯಿಯೂ ಮೇಲೇರುತ್ತದೆ ಅಥವಾ ಕಿರಿದಾಗುತ್ತದೆ. ನಾಲ್ಕನೆಯದು, ಅಡೆತಡೆ. ನೀರಿನ ಟ್ಯಾಂಕಿನ ಪೀಠ, ಸೌರ ಫಲಕಗಳ ಕಾಲುಗಳು, ಡಿಶ್ ಆಂಟೆನಾ, ಹಳೆಯ ಮಗ್ಗದ ಬಿಡಿಭಾಗಗಳು, ಹೊಂಗೆ ಮರದ ಎಲೆ ಇವೆಲ್ಲವೂ ಹರಿಯುವ ನೀರಿಗೆ ಅಡ್ಡಗಟ್ಟೆಗಳೇ.

ಹಳೆಯ ಕಾಲದ ಮದ್ರಾಸ್ ತಾರಸಿಗಳಲ್ಲಿ ಮರದ ತೊಲೆಗಳ ಮೇಲೆ ಇಟ್ಟಿಗೆಯನ್ನು ಅಂಚಿನ ಮೇಲೆ ನಿಲ್ಲಿಸಿ, ಅದರ ಮೇಲೆ ಸುಣ್ಣದ ಗಾರೆಯಲ್ಲಿ ಇಟ್ಟಿಗೆ ಜಲ್ಲಿಯನ್ನು ಬಡಿದು ಕೂರಿಸಿ ವಾಟ ಕೊಡುತ್ತಿದ್ದರು. ಗಾರೆಗೆ ಬೆಲ್ಲ ಮತ್ತು ಅಳಲೆಕಾಯಿಯ ನೀರು ಬೆರೆಸುವ ಪದ್ಧತಿಯೂ ಇತ್ತು. ಆ ಕೆಲಸ ನಿಧಾನ. ಆದರೆ ನೀರು ಎಲ್ಲಿಗೆ ಹೋಗಬೇಕೆಂಬ ತೀರ್ಮಾನ ಮೊದಲೇ ಆಗಿರುತ್ತಿತ್ತು. ಇಂದು ಚಾವಣಿ ಹಾಕಿ, ಸೋರಿದ ಮೇಲೆ ಲೇಪನದ ಡಬ್ಬ ತರುವುದು ರೂಢಿಯಾಗಿದೆ. ವಾಟವಿಲ್ಲದ ತಾರಸಿಗೆ ಎಷ್ಟು ಬೆಲೆಯ ಲೇಪನ ಬಳಿದರೂ ಅದು ಹೊಂಡದ ತಳಕ್ಕೆ ಬಣ್ಣ ಹಚ್ಚಿದಂತೆ.

ನೀರಿನ ತೂಕ

ಒಂದು ಚದರ ಮೀಟರಿನ ಮೇಲೆ 1 ಮಿ.ಮೀ. ನೀರು ನಿಂತರೆ ಅದು 1 ಲೀಟರ್, ಅಂದರೆ 1 ಕಿಲೊ. 20 ಚದರ ಮೀಟರ್ ವಿಸ್ತಾರದ ತಗ್ಗಿನಲ್ಲಿ 5 ಸೆಂ.ಮೀ. ನೀರು ನಿಂತರೆ ಒಂದು ಟನ್ ಭಾರ. 200 ಚದರ ಮೀಟರ್, ಅಂದರೆ ಸುಮಾರು 2,150 ಚದರ ಅಡಿಯ ತಾರಸಿಗೆ ಒಂದು ಗಂಟೆಯಲ್ಲಿ 50 ಮಿ.ಮೀ. ಮಳೆ ಬಿದ್ದರೆ 10,000 ಲೀಟರ್ ನೀರು ಬಂದಂತೆ. ಕಿಂಡಿಗಳು ಕಟ್ಟಿಕೊಂಡಿದ್ದರೆ ಈ 10 ಟನ್ ನೀರು ಪ್ಯಾರಾಪೆಟ್ ಗೋಡೆಗಳ ನಡುವೆ ಸಿಕ್ಕಿಕೊಳ್ಳುತ್ತದೆ.

ಭಾರತೀಯ ಮಾನಕ ಐ.ಎಸ್. 875ರ ಎರಡನೇ ಭಾಗದ (1987) ಪ್ರಕಾರ, ಜನರು ಓಡಾಡುವ ಸಮತಟ್ಟು ಚಾವಣಿಗೆ ಚದರ ಮೀಟರಿಗೆ 1.5 ಕಿಲೊನ್ಯೂಟನ್, ಅಂದರೆ ಸುಮಾರು 150 ಕಿಲೊ ಭಾರವನ್ನು ಲೆಕ್ಕ ಹಿಡಿಯಬೇಕು. ದುರಸ್ತಿಗಷ್ಟೇ ಹತ್ತುವ ಚಾವಣಿಗೆ ಇದರ ಅರ್ಧ ಸಾಕು. ಅರ್ಧ ಎಂದರೆ ಸುಮಾರು 75 ಕಿಲೊ, ಏಳೂವರೆ ಸೆಂ.ಮೀ. ನೀರು ನಿಂತರೆ ಆ ಮಿತಿ ಮುಗಿಯಿತು. ಭಾರಕ್ಕೆ ಚಾವಣಿ ಬಾಗುತ್ತದೆ. ಬಾಗಿದಷ್ಟೂ ತಗ್ಗು ಆಳವಾಗಿ ಮತ್ತಷ್ಟು ನೀರು ನಿಲ್ಲುತ್ತದೆ. ಬಿರುಕಿನ ಮೂಲಕ ಇಳಿದ ನೀರು ಕಂಬಿಗೆ ತಲುಪಿ ತುಕ್ಕು ಹಿಡಿಸುತ್ತದೆ. ತುಕ್ಕು ಹಿಡಿದ ಕಂಬಿ ಉಬ್ಬಿ ಅಡಿಭಾಗದ ಕಾಂಕ್ರೀಟನ್ನು ಚೂರುಚೂರಾಗಿ ಉದುರಿಸುತ್ತದೆ. ಅಲ್ಲಿಂದ ಮುಂದೆ ಅದು ಸೋರಿಕೆಯ ಪ್ರಶ್ನೆಯಾಗಿ ಉಳಿಯುವುದಿಲ್ಲ. ಕೆಳಗೆ ಮಗ್ಗದ ಮುಂದೆ ಕುಳಿತವರ ಜೀವದ ಪ್ರಶ್ನೆಯಾಗುತ್ತದೆ.

ದುರಸ್ತಿಯ ಕ್ರಮ

ಕಡಿಮೆ ಖರ್ಚಿನ ಕೆಲಸ ಮೊದಲು, ಹೆಚ್ಚು ಖರ್ಚಿನದು ಕೊನೆಗೆ ಎಂಬುದು ಇಲ್ಲಿನ ಸೂತ್ರ.

1. ಗುರುತು ಮಾಡುವುದು: ಮಳೆ ನಿಂತ ಮರುದಿನ ತಾರಸಿ ಹತ್ತಿ, ನೀರು ನಿಂತ ಜಾಗದ ಅಂಚನ್ನು ಸೀಮೆಸುಣ್ಣದಿಂದ ಗುರುತಿಸಬೇಕು. ನಡುವಿನ ಆಳವನ್ನು ಅಳತೆಪಟ್ಟಿಯಿಂದ ಅಳೆದು, ದಿನಾಂಕದೊಂದಿಗೆ ಛಾಯಾಚಿತ್ರ ತೆಗೆದಿಡಬೇಕು. ಈ ಚಿತ್ರ ಮೇಸ್ತ್ರಿಗೂ ಬೇಕು, ಮುಂದೆ ತೆರಿಗೆ ಅಧಿಕಾರಿಗೂ ವಿಮಾ ಸರ್ವೇಯರಿಗೂ ಬೇಕು.

2. ಕಿಂಡಿ ಮತ್ತು ಕೊಳವೆ: ಮಳೆನೀರಿನ ಕೊಳವೆಗಳ ಕುರಿತ ಭಾರತೀಯ ಮಾನಕದ ಕೋಷ್ಟಕದಂತೆ, ಗಂಟೆಗೆ 100 ಮಿ.ಮೀ. ವೇಗದ ಮಳೆಗೆ 100 ಮಿ.ಮೀ. ವ್ಯಾಸದ ಒಂದು ಕೊಳವೆ ಸುಮಾರು 40 ಚದರ ಮೀಟರ್ ತಾರಸಿಗೆ ಸಾಕಾಗುತ್ತದೆ. 75 ಮಿ.ಮೀ. ಕೊಳವೆಯಾದರೆ ಸುಮಾರು 20 ಚದರ ಮೀಟರಿಗೆ ಮಾತ್ರ. ಆದ್ದರಿಂದ 200 ಚದರ ಮೀಟರ್ ತಾರಸಿಗೆ 100 ಮಿ.ಮೀ.ನ ಐದು ಕೊಳವೆಗಳು ಬೇಕು. ಇರುವ ಎರಡನ್ನು ಐದಾಗಿಸಿ, ಬಾಯಿಯನ್ನು ತಾರಸಿಯ ಮಟ್ಟಕ್ಕಿಂತ ತುಸು ತಗ್ಗಿಸಿ, ಜಾಲರಿ ಕೂರಿಸಿದರೆ ಅನೇಕ ಕಡೆ ಅರ್ಧ ಸಮಸ್ಯೆ ಅಲ್ಲಿಗೇ ಮುಗಿಯುತ್ತದೆ. ಜೊತೆಗೆ ಪ್ಯಾರಾಪೆಟ್ಟಿನಲ್ಲಿ, ತಾರಸಿಯ ಮಟ್ಟದಿಂದ ಸುಮಾರು 5 ಸೆಂ.ಮೀ. ಎತ್ತರದಲ್ಲಿ ಹೆಚ್ಚುವರಿ ಕಿಂಡಿಗಳನ್ನು ಬಿಡಬೇಕು. ಕೊಳವೆ ಕಟ್ಟಿಕೊಂಡರೂ ನೀರು ಹೊರಗೆ ಚೆಲ್ಲುತ್ತದೆ. ಚೆಲ್ಲುವ ಆ ನೀರೇ ಎಚ್ಚರಿಕೆಯ ಗಂಟೆಯಾಗುತ್ತದೆ.

3. ತಗ್ಗು ತುಂಬುವುದು: ಒಂದೆರಡು ಕಡೆ ಮಾತ್ರ ತಗ್ಗಿದ್ದರೆ, ಟೊಳ್ಳಾದ ಹಳೆಯ ಗಾರೆಯನ್ನು ಕಿತ್ತು, ಪಾಲಿಮರ್ ಬೆರೆಸಿದ ಗಾರೆಯಿಂದ ಆ ಜಾಗವನ್ನಷ್ಟೇ ತುಂಬಬಹುದು.

4. ವಾಟ ಸರಿಪಡಿಸುವುದು: ಇಡೀ ತಾರಸಿ ಮಟ್ಟ ತಪ್ಪಿದ್ದರೆ ಹೊಸದಾಗಿ ವಾಟ ಕೊಡಬೇಕಾಗುತ್ತದೆ. ಇಲ್ಲಿ ತೂಕದ ಲೆಕ್ಕ ಮರೆಯಬಾರದು. 10 ಮೀಟರ್ ಅಗಲದ ತಾರಸಿಗೆ ಒಂದೇ ಕಡೆಗೆ ವಾಟ ಕೊಟ್ಟು, ಕಿಂಡಿಯ ಬಳಿ ಎರಡೂವರೆ ಸೆಂ.ಮೀ. ದಪ್ಪವಿಟ್ಟರೆ, ಆಚೆಯ ತುದಿ ಹನ್ನೆರಡೂವರೆ ಸೆಂ.ಮೀ. ಆಗುತ್ತದೆ, ಸರಾಸರಿ ಏಳೂವರೆ. ಘನ ಮೀಟರಿಗೆ 2 ಟನ್ ತೂಗುವ ಗಾರೆಯಾದರೆ ಚದರ ಮೀಟರಿಗೆ 150 ಕಿಲೊ ಭಾರ ಬೀಳುತ್ತದೆ. ನಡುವೆ ಏಣು ಮಾಡಿ ಎರಡೂ ಕಡೆಗೆ ವಾಟ ಕೊಟ್ಟರೆ ಸರಾಸರಿ ದಪ್ಪ 5 ಸೆಂ.ಮೀ.ಗೆ, ಭಾರ 100 ಕಿಲೊಗೆ ಇಳಿಯುತ್ತದೆ. ಕಿಂಡಿಗಳು ಹೆಚ್ಚಿದಷ್ಟೂ ಗಾರೆ ಕಡಿಮೆ ಸಾಕು. ಹಳೆಯ ಪದರವನ್ನು ತೆಗೆಯದೆ ಅದರ ಮೇಲೇ ಹೊಸ ಗಾರೆ ಹಾಕುವುದು ಅಪಾಯಕಾರಿ. ಕೆಲಸಕ್ಕೆ ಮುನ್ನ ಸ್ಟ್ರಕ್ಚರಲ್ ಇಂಜಿನಿಯರರ ಲಿಖಿತ ಅಭಿಪ್ರಾಯ ಪಡೆಯುವುದು ಅತ್ಯಗತ್ಯ. ಕಲ್ಲು ಚಪ್ಪಡಿಯ ಹಳೆಯ ಚಾವಣಿಗಳಿಗೆ ಈ ಮಾತು ಇನ್ನೂ ಹೆಚ್ಚು ಅನ್ವಯಿಸುತ್ತದೆ.

5. ಲೇಪನ: ವಾಟ ಸರಿಯಾಗಿ, ತಾರಸಿ ಚೆನ್ನಾಗಿ ಒಣಗಿದ ಮೇಲೆಯೇ ಲೇಪನ. ಪ್ಯಾರಾಪೆಟ್ ಮತ್ತು ತಾರಸಿ ಕೂಡುವ ಮೂಲೆಯನ್ನು ಗುಂಡಾಗಿ ತಿದ್ದಿ, ಲೇಪನವನ್ನು ಗೋಡೆಯ ಮೇಲೆ ಸ್ವಲ್ಪ ಎತ್ತರದವರೆಗೆ ಹತ್ತಿಸಬೇಕು. ಕೊನೆಯಲ್ಲಿ ನೀರು ಸುರಿದು, ಅದು ಕಿಂಡಿಗೇ ಹರಿದು ಹೋಗುವುದನ್ನು ಕಣ್ಣಾರೆ ಕಂಡ ಮೇಲೆ ಗುತ್ತಿಗೆದಾರನಿಗೆ ಅಂತಿಮ ಕಂತು ಪಾವತಿಸಬೇಕು.

ಹೊರಹೋಗುವ ನೀರನ್ನು ಚರಂಡಿಗೆ ಬಿಡುವ ಬದಲು ತೊಟ್ಟಿಗೋ ಇಂಗುಗುಂಡಿಗೋ ತಿರುಗಿಸುವುದು ಲೇಸು. ವರ್ಷಕ್ಕೆ 750 ಮಿ.ಮೀ. ಮಳೆ ಎಂದಿಟ್ಟುಕೊಂಡರೂ 200 ಚದರ ಮೀಟರ್ ತಾರಸಿಗೆ ಒಂದೂವರೆ ಲಕ್ಷ ಲೀಟರ್ ನೀರು ಬೀಳುತ್ತದೆ. ಕೊಳವೆಬಾವಿ ಬತ್ತಿ ಟ್ಯಾಂಕರಿಗೆ ಹಣ ತೆರುವ ಘಟಕಕ್ಕೆ ಇದು ಸಣ್ಣ ಮೊತ್ತವಲ್ಲ.

ಖರ್ಚಿನ ಹೋಲಿಕೆ

ಕೆಳಗಿನ ಅಂಕಿಗಳು ಲೆಕ್ಕದ ಕ್ರಮ ತೋರಿಸಲು ಊಹಿಸಿದವು. ಪ್ರತಿಯೊಬ್ಬ ಉದ್ಯಮಿಯೂ ತನ್ನ ಅಂಕಿಗಳನ್ನು ಹಾಕಿಕೊಳ್ಳಬೇಕು.

ಒಂದು ವಿದ್ಯುತ್ ಮಗ್ಗದ ಘಟಕ ಪ್ರತಿ ವರ್ಷ 45,000 ರೂ. ಕೊಟ್ಟು ಲೇಪನ ಬಳಿಸುತ್ತದೆ ಎಂದುಕೊಳ್ಳೋಣ. ಆದರೂ ಮಳೆಗಾಲದಲ್ಲಿ ರೇಷ್ಮೆ ನೂಲು ಮತ್ತು ಸೀರೆ ಕಲೆಗಟ್ಟಿ 30,000 ರೂ. ನಷ್ಟ. ಜಕಾರ್ಡಿನ ರಟ್ಟಿನ ಕಾರ್ಡುಗಳು ತೇವಕ್ಕೆ ಉಬ್ಬಿ, ವಿದ್ಯುತ್ ಭಯದಿಂದ ಮಗ್ಗ ನಿಂತು 15,000 ರೂ. ನಷ್ಟ. ವರ್ಷಕ್ಕೆ 90,000 ರೂ.; ಐದು ವರ್ಷಕ್ಕೆ 4,50,000 ರೂ. ಇದಕ್ಕೆ ಬದಲಾಗಿ ಒಮ್ಮೆ 2,80,000 ರೂ. ಖರ್ಚು ಮಾಡಿ ಕಿಂಡಿ, ವಾಟ, ಲೇಪನಗಳನ್ನು ಕ್ರಮವಾಗಿ ಮುಗಿಸಿ, ವರ್ಷಕ್ಕೆ 6,000 ರೂ. ಶುಚಿತ್ವಕ್ಕೆ ಇಟ್ಟರೆ ಐದು ವರ್ಷಕ್ಕೆ 3,10,000 ರೂ. ಉಳಿತಾಯ 1,40,000 ರೂ. ಲೇಪನದ ಬಿಲ್ಲು ಮಾತ್ರ ‘ಕಟ್ಟಡ ದುರಸ್ತಿ’ ಖಾತೆಗೆ ಹೋಗಿ, ಉಳಿದ ನಷ್ಟ ಖರೀದಿ, ಕೂಲಿ, ರಿಯಾಯಿತಿ ಖಾತೆಗಳಲ್ಲಿ ಕರಗಿ ಹೋಗುವುದರಿಂದ ಮಾಲೀಕನಿಗೆ ಈ ವ್ಯತ್ಯಾಸ ಕಾಣುವುದಿಲ್ಲ. ಸೋರಿಕೆಯಿಂದಾದ ನಷ್ಟಕ್ಕೆ ಪ್ರತ್ಯೇಕ ಖಾತೆ ತೆರೆಯುವುದು ಈ ದೃಷ್ಟಿಯಿಂದ ಉಪಯುಕ್ತ.

ರಾಜಸ್ವ ವೆಚ್ಚವೋ, ಬಂಡವಾಳ ವೆಚ್ಚವೋ?

ಆದಾಯ ತೆರಿಗೆ ಕಾಯಿದೆ, 1961ರ 30ನೇ ಕಲಮಿನಲ್ಲಿ ಸ್ವಂತ ಕಟ್ಟಡದ ‘ಚಾಲ್ತಿ ದುರಸ್ತಿ’ಯ ವೆಚ್ಚವನ್ನು ಆಯಾ ವರ್ಷದ ಆದಾಯದಿಂದ ಕಳೆಯಲು ಅವಕಾಶ ನೀಡಲಾಗಿತ್ತು, ಬಂಡವಾಳ ಸ್ವರೂಪದ ವೆಚ್ಚ ಇದರಲ್ಲಿ ಸೇರುವುದಿಲ್ಲವೆಂಬ ವಿವರಣೆಯೂ ಇತ್ತು. 2026ರ ಏಪ್ರಿಲ್ 1ರಿಂದ ಅನ್ವಯವಾಗುವ ಆದಾಯ ತೆರಿಗೆ ಕಾಯಿದೆ, 2025ರಲ್ಲಿ ಕಲಮುಗಳ ಸಂಖ್ಯೆ ಬದಲಾಗಿದ್ದರೂ ತತ್ತ್ವ ಅದೇ.

ಇರುವ ಆಸ್ತಿಯನ್ನು ಕಾಪಾಡಿ ಉಳಿಸಿಕೊಳ್ಳುವುದು ದುರಸ್ತಿ. ಹೊಸ ಆಸ್ತಿಯನ್ನೋ ಹೊಸ ಅನುಕೂಲವನ್ನೋ ಪಡೆಯುವುದು ದುರಸ್ತಿಯಲ್ಲ. ಯಂತ್ರಗಳ ದುರಸ್ತಿಗೆ ಸಂಬಂಧಿಸಿದ ಶರವಣ ಸ್ಪಿನ್ನಿಂಗ್ ಮಿಲ್ಸ್ ಪ್ರಕರಣದಲ್ಲಿ (2007) ಸರ್ವೋಚ್ಚ ನ್ಯಾಯಾಲಯ ಎತ್ತಿಹಿಡಿದ ಅಳತೆಗೋಲು ಇದು. ಅದಕ್ಕೂ ಮುಂಚೆ ಬಲ್ಲೀಮಲ್ ನವಲ್ ಕಿಶೋರ್ ಪ್ರಕರಣದಲ್ಲಿ (1997), ಒಂದು ಚಿತ್ರಮಂದಿರಕ್ಕೆ ಹೊಸ ಯಂತ್ರ, ಪೀಠೋಪಕರಣ, ವೈರಿಂಗ್ ಮತ್ತು ಕಟ್ಟಡದ ವ್ಯಾಪಕ ದುರಸ್ತಿಯನ್ನು ಒಟ್ಟಿಗೆ ಮಾಡಿಸಿದ್ದನ್ನು ಚಾಲ್ತಿ ದುರಸ್ತಿಯೆಂದು ನ್ಯಾಯಾಲಯ ಒಪ್ಪಲಿಲ್ಲ.

ಈ ಅಳತೆಯಿಂದ ನೋಡಿದರೆ ಕಿಂಡಿ ಸರಿಪಡಿಸುವುದು, ತಗ್ಗು ತುಂಬುವುದು, ಕೆಟ್ಟ ಪದರ ಕಿತ್ತು ವಾಟ ಕೊಟ್ಟು ಲೇಪಿಸುವುದು ಸಾಮಾನ್ಯವಾಗಿ ರಾಜಸ್ವ ವೆಚ್ಚ. ತಾರಸಿಯ ಮೇಲೆ ಉಕ್ಕಿನ ಕಂಬ ನಿಲ್ಲಿಸಿ ತಗಡು ಹೊದಿಸಿ, ಆ ಜಾಗವನ್ನು ಗೋದಾಮಾಗಿ ಬಳಸಿದರೆ ಅದು ಬಂಡವಾಳ ವೆಚ್ಚ. ಕಟ್ಟಡಕ್ಕೆ ಅನ್ವಯವಾಗುವ ಶೇ. 10ರ ಸವಕಳಿ ಮಾತ್ರ ಸಿಗುತ್ತದೆ. ಎರಡೂ ಕೆಲಸ ಒಟ್ಟಿಗೆ ನಡೆದರೆ ಬಿಲ್ಲುಗಳು ಬೇರೆ ಬೇರೆ ಇರಬೇಕು. ‘ತಾರಸಿ ಕೆಲಸ, ಒಟ್ಟು’ ಎಂಬ ಒಂದೇ ಸಾಲಿನ ಬಿಲ್ಲು ವಿವಾದಕ್ಕೆ ಆಹ್ವಾನ. ಮುಂದಿನ ವರ್ಷ ಮಾಡಿಸುವ ಉದ್ದೇಶವಿದೆ ಎಂಬ ಕಾರಣಕ್ಕೆ ಈ ವರ್ಷವೇ ಮೊತ್ತ ಕಾದಿರಿಸಲೂ ಬಾರದು; ಲೆಕ್ಕಪತ್ರ ಮಾನಕ 29 ಅದನ್ನು ಒಪ್ಪುವುದಿಲ್ಲ. ಊಹಾತ್ಮಕ ಆದಾಯ ಪದ್ಧತಿಯಲ್ಲಿ ತೆರಿಗೆ ಕಟ್ಟುವವರಿಗೆ ದುರಸ್ತಿಯ ವೆಚ್ಚ ಪ್ರತ್ಯೇಕವಾಗಿ ದೊರೆಯುವುದಿಲ್ಲ.

ಜಿ.ಎಸ್.ಟಿ. ವಿಷಯದಲ್ಲಿಯೂ ಇದೇ ವಿಂಗಡಣೆ ಮುಖ್ಯ. ಕೇಂದ್ರ ಜಿ.ಎಸ್.ಟಿ. ಕಾಯಿದೆಯ 17(5)ನೇ ಕಲಮಿನಂತೆ ಸ್ಥಿರಾಸ್ತಿಯ ನಿರ್ಮಾಣಕ್ಕೆ ತೆತ್ತ ತೆರಿಗೆಯ ಜಮೆ ಸಿಗುವುದಿಲ್ಲ. ದುರಸ್ತಿಯೂ ‘ನಿರ್ಮಾಣ’ದಲ್ಲಿ ಸೇರುತ್ತದೆ, ಆದರೆ ಬಂಡವಾಳವೆಂದು ಬರೆದ ಮಟ್ಟಿಗೆ ಮಾತ್ರ. ಲಾಭ-ನಷ್ಟ ಲೆಕ್ಕಕ್ಕೆ ಬರೆದ ನೈಜ ದುರಸ್ತಿಗೆ, ನೋಂದಾಯಿತ ಗುತ್ತಿಗೆದಾರನ ಸರಿಯಾದ ಇನ್‌ವಾಯ್ಸ್ ಇದ್ದಲ್ಲಿ, ಹೂಡುವಳಿ ತೆರಿಗೆ ಜಮೆ ಪಡೆಯಬಹುದು. ರಾಜಿ ತೆರಿಗೆ ಪದ್ಧತಿಯಲ್ಲಿರುವವರಿಗೆ ಈ ಅವಕಾಶವಿಲ್ಲ. ಒಂದು ಕಡೆ ಬಂಡವಾಳವೆಂದೂ ಇನ್ನೊಂದು ಕಡೆ ದುರಸ್ತಿಯೆಂದೂ ತೋರಿಸಿದರೆ ಎರಡೂ ಕಡೆ ಪ್ರಶ್ನೆ ಎದುರಾಗುತ್ತದೆ.

ಮೇಸ್ತ್ರಿಗೆ ದಿನಕ್ಕೆ 10,000 ರೂ. ಮೀರಿ ನಗದು ಕೊಟ್ಟರೆ ಆ ವೆಚ್ಚ ತಿರಸ್ಕೃತವಾಗುತ್ತದೆ. ಮೂಲದಲ್ಲಿ ತೆರಿಗೆ ಕಡಿತದ ಹೊಣೆಯಿರುವ ಉದ್ಯಮಿಗಳು, ಒಂದು ಪಾವತಿ 30,000 ರೂ. ಅಥವಾ ವರ್ಷದ ಮೊತ್ತ 1 ಲಕ್ಷ ರೂ. ಮೀರಿದರೆ, ಗುತ್ತಿಗೆದಾರ ವ್ಯಕ್ತಿಯಾಗಿದ್ದಲ್ಲಿ ಶೇ. 1, ಸಂಸ್ಥೆಯಾಗಿದ್ದಲ್ಲಿ ಶೇ. 2 ಕಡಿತ ಮಾಡಬೇಕು.

ಬಾಡಿಗೆ ಕಟ್ಟಡದಲ್ಲಿ ಹೊಣೆ ಯಾರದು?

ಬಾಡಿಗೆ ಶೆಡ್ಡಿನಲ್ಲಿ ದುಡಿಯುವವರ ಕಷ್ಟ ಬೇರೆ. ತಾರಸಿ ಮಾಲೀಕನದು, ಕೆಳಗಿನ ಮಾಲು ಬಾಡಿಗೆದಾರನದು. ಸ್ವತ್ತು ವರ್ಗಾವಣೆ ಕಾಯಿದೆ, 1882ರ 108ನೇ ಕಲಮಿನಂತೆ, ತಾನು ಮಾಡಲೇಬೇಕಾದ ದುರಸ್ತಿಯನ್ನು ಮಾಲೀಕನು ನೋಟಿಸು ನೀಡಿದ ಬಳಿಕವೂ ಸೂಕ್ತ ಕಾಲದಲ್ಲಿ ಮಾಡದಿದ್ದರೆ, ಬಾಡಿಗೆದಾರನು ತಾನೇ ಮಾಡಿಸಿ ಬಡ್ಡಿ ಸಹಿತ ಬಾಡಿಗೆಯಲ್ಲಿ ಕಳೆದುಕೊಳ್ಳಬಹುದು. ಆದರೆ ‘ಮಾಡಲೇಬೇಕಾದ’ ಎಂಬ ಹೊಣೆ ಕರಾರಿನಲ್ಲಿ ಬರೆದಿದ್ದರೆ ಮಾತ್ರ ಈ ಮಾತಿಗೆ ಬಲ. ಹೀಗಾಗಿ ಬಾಡಿಗೆ ಕರಾರಿನಲ್ಲಿ ‘ಚಾವಣಿ, ಮಳೆನೀರಿನ ಕೊಳವೆ ಮತ್ತು ಸೋರಿಕೆಯ ದುರಸ್ತಿ ಮಾಲೀಕರದು, ಕಿಂಡಿಗಳ ಶುಚಿತ್ವ ಬಾಡಿಗೆದಾರರದು’ ಎಂಬ ಒಂದು ವಾಕ್ಯ ಸೇರಿಸುವುದು ಜಾಣತನ. ದುರಸ್ತಿಯ ಹೊಣೆಯನ್ನು ಬಾಡಿಗೆದಾರನೇ ಕರಾರಿನಲ್ಲಿ ಒಪ್ಪಿಕೊಂಡಿದ್ದರೆ ಆ ವೆಚ್ಚ ಅವನ ಆದಾಯದಿಂದ ಕಳೆಯಲು ಅರ್ಹ. ಅದಕ್ಕೂ ಕರಾರೇ ಆಧಾರ.

ವಿಮೆ ಮತ್ತು ದಾಸ್ತಾನು

‘ವಿಮೆ ಇದೆ’ ಎಂಬ ಧೈರ್ಯ ಇಲ್ಲಿ ಪೂರ್ತಿ ನಡೆಯುವುದಿಲ್ಲ. 5 ಕೋಟಿ ರೂ.ವರೆಗಿನ ಆಸ್ತಿ ಇರುವ ಘಟಕಗಳಿಗಾಗಿ 2021ರ ಏಪ್ರಿಲ್ 1ರಿಂದ ಜಾರಿಗೆ ಬಂದ ಭಾರತ್ ಸೂಕ್ಷ್ಮ ಉದ್ಯಮ್ ಸುರಕ್ಷಾ ಪಾಲಿಸಿಯಲ್ಲಿ ಬಿರುಗಾಳಿ, ಪ್ರವಾಹ, ಜಲಾವೃತಗಳಿಗೆ ರಕ್ಷಣೆಯಿದೆ. ಆದರೆ ಕಾಲಕ್ರಮದ ಸವೆತ, ನಿರ್ವಹಣೆಯ ಲೋಪ, ದಿನದಿನವೂ ಜಿನುಗುವ ನೀರು ಇವುಗಳಿಂದಾದ ನಷ್ಟಕ್ಕೆ ಸಾಮಾನ್ಯವಾಗಿ ಪರಿಹಾರ ದೊರೆಯುವುದಿಲ್ಲ. ಮೊದಲು ತೆಗೆದಿಟ್ಟ ಛಾಯಾಚಿತ್ರ, ಇಂಜಿನಿಯರರ ಪತ್ರ, ಶುಚಿತ್ವದ ದಾಖಲೆಗಳಿದ್ದರೆ ನಷ್ಟಕ್ಕೆ ಬಿರುಮಳೆಯೇ ಕಾರಣ, ನಿರ್ಲಕ್ಷ್ಯವಲ್ಲ ಎಂದು ತೋರಿಸುವುದು ಸುಲಭ.

ನೀರು ತಾಗಿದ ಸೀರೆಯನ್ನು ವರ್ಷಾಂತ್ಯದ ದಾಸ್ತಾನಿನಲ್ಲಿ ಪೂರ್ಣ ಬೆಲೆಗೆ ತೋರಿಸಬಾರದು. ಲೆಕ್ಕಪತ್ರ ಮಾನಕ 2ರಂತೆ, ತಗುಲಿದ ವೆಚ್ಚ ಅಥವಾ ಮಾರಿದರೆ ನಿವ್ವಳ ದೊರೆಯುವ ಬೆಲೆ, ಇವೆರಡರಲ್ಲಿ ಕಡಿಮೆಯಾದುದನ್ನೇ ತೋರಿಸಬೇಕು. ಸಂಪೂರ್ಣ ಹಾಳಾಗಿ ಲೆಕ್ಕದಿಂದ ತೆಗೆದುಹಾಕಿದ ಮಾಲಿನ ಮೇಲೆ ಪಡೆದಿದ್ದ ಹೂಡುವಳಿ ತೆರಿಗೆ ಜಮೆಯನ್ನು ಹಿಂದಿರುಗಿಸಬೇಕು. ಅಂದರೆ ಸೋರುವ ತಾರಸಿ ಮಾಲನ್ನೂ ಕೆಡಿಸುತ್ತದೆ, ಆ ಮಾಲಿನ ತೆರಿಗೆಯನ್ನೂ ಕಟ್ಟಿಸುತ್ತದೆ.

ವಾರ್ಷಿಕ ವೇಳಾಪಟ್ಟಿ

ಫೆಬ್ರವರಿ–ಮಾರ್ಚ್: ಹಿಂದಿನ ಮಳೆಗಾಲದ ಗುರುತುಗಳ ಆಧಾರದ ಮೇಲೆ ಅಂದಾಜು ಪಡೆದು ಕೆಲಸ ಮುಗಿಸುವುದು. ತಾರಸಿ ಒಣಗಿರುತ್ತದೆ, ವೆಚ್ಚವೂ ಅದೇ ಲೆಕ್ಕ ವರ್ಷದಲ್ಲಿ ಸೇರುತ್ತದೆ.

ಏಪ್ರಿಲ್: ಕಿಂಡಿ, ಜಾಲರಿ, ಕೊಳವೆಗಳ ಶುಚಿತ್ವ, ವಿಮಾ ಮೊತ್ತದ ಪರಿಶೀಲನೆ.

ಮೇ–ನವೆಂಬರ್: ಪ್ರತಿ ದೊಡ್ಡ ಮಳೆಯ ಮರುದಿನ ತಾರಸಿಗೆ ಒಂದು ಭೇಟಿ. ವಾರಗಟ್ಟಲೆ ನಿಂತ ನೀರಿನಲ್ಲಿ ಡೆಂಗಿ ಹರಡುವ ಸೊಳ್ಳೆ ಬೆಳೆಯುತ್ತದೆ. ಕೆಲಸಗಾರನ ಜ್ವರವೂ ಉತ್ಪಾದನೆಯ ನಷ್ಟವೇ.

ಆಗಸ್ಟ್: ಹಬ್ಬದ ದಾಸ್ತಾನು ತುಂಬುವ ಮುನ್ನ ಮಾಲನ್ನು ಗೋಡೆಯಿಂದ ದೂರ, ನೆಲದಿಂದ ಎತ್ತರದಲ್ಲಿ ಜೋಡಿಸುವುದು.

ಡಿಸೆಂಬರ್: ಸೋರಿಕೆ ನಷ್ಟದ ಖಾತೆಯ ಮೊತ್ತ ನೋಡಿ ಮುಂದಿನ ವರ್ಷದ ಕೆಲಸ ತೀರ್ಮಾನಿಸುವುದು.

ಇವುಗಳಲ್ಲಿ ಯಾವುದಕ್ಕೂ ದೊಡ್ಡ ಬಂಡವಾಳ ಬೇಕಿಲ್ಲ. ಬೇಕಾದುದು ಒಂದು ಏಣಿ, ಒಂದು ಅಳತೆಪಟ್ಟಿ, ಒಂದು ನೋಟ್‌ಬುಕ್ ಮತ್ತು ಮಳೆ ನಿಂತ ಮರುದಿನದ ಅರ್ಧ ಗಂಟೆ. ನೀರಿಗೆ ದಾರಿ ಮಾಡಿಕೊಟ್ಟ ಉದ್ಯಮಿಗೆ ತಾರಸಿಯ ಖರ್ಚು ಸಣ್ಣ ದುರಸ್ತಿಯಾಗಿಯೇ ಉಳಿಯುತ್ತದೆ. ದಾರಿ ಕೊಡದಿದ್ದರೆ ನೀರು ತನ್ನ ದಾರಿಯನ್ನು ತಾನೇ ಹುಡುಕಿಕೊಳ್ಳುತ್ತದೆ. ಆ ದಾರಿ ಸಾಮಾನ್ಯವಾಗಿ ಗೋದಾಮಿನ ಮೂಲಕವೇ ಹಾದು ಹೋಗುತ್ತದೆ.